ಐರಿಶ್ ಸನ್, ಐರಿಶ್ ಮೇಲ್: ಇವು ಯಾರ ಪೇಪರ್?

ಪ್ರಶ್ನೆ: ನಮಸ್ತೆ ಸರ್. ನಾನು ಹಾಸನ ಕಡೆಯವಳು, ಡಬ್ಲಿನ್‌ನಲ್ಲಿ ನರ್ಸ್ ಆಗಿದ್ದೇನೆ. ಬಂದು ಎಂಟು ತಿಂಗಳಾಯಿತು. ಮನೆ ಹತ್ತಿರದ ಅಂಗಡಿಯಲ್ಲಿ ಐರಿಶ್ ಸನ್, ಐರಿಶ್ ಡೈಲಿ ಮಿರರ್, ಐರಿಶ್ ಡೈಲಿ ಸ್ಟಾರ್, ಐರಿಶ್ ಡೈಲಿ ಮೇಲ್ ಅಂತ ಸಾಲಾಗಿ ಇಟ್ಟಿರುತ್ತಾರೆ. ಇವೆಲ್ಲ ಲಂಡನ್ ಪೇಪರ್‌ಗಳಲ್ವಾ? ಹೆಸರಿನ ಮುಂದೆ ‘ಐರಿಶ್’ ಸೇರಿಸಿದರೆ ಇಲ್ಲಿನ ಪತ್ರಿಕೆ ಆಗಿಬಿಡುತ್ತದೆಯೇ? ಒಳಗೆ ಏನು ಬದಲಾಗುತ್ತದೆ?

ಉತ್ತರ: ಹೆಸರು ಸೇರಿಸಿದ ಮಾತ್ರಕ್ಕೆ ಆಗುವುದಿಲ್ಲಮ್ಮಾ. ಹಾಗಂತ ಹೆಸರೊಂದನ್ನೇ ಬದಲಾಯಿಸಿ ಮಾರುತ್ತಿದ್ದಾರೆ ಅಂತಲೂ ತಿಳಿಯಬೇಡಿ.

ಮೊದಲು ಮಾಲೀಕರ ವಿಷಯ. ಐರಿಶ್ ಸನ್ ಮರ್ಡೋಕ್ ಕುಟುಂಬದ ಹಿಡಿತದಲ್ಲಿರುವ ನ್ಯೂಸ್ ಕಾರ್ಪ್‌ಗೆ ಸೇರಿದ್ದು. ಮಿರರ್, ಸ್ಟಾರ್ ಎರಡೂ ಈಗ ರೀಚ್ ಎಂಬ ಬ್ರಿಟಿಷ್ ಕಂಪನಿಯವು. ಇದರಲ್ಲಿ ಸ್ಟಾರ್ ಕತೆ ಸ್ವಲ್ಪ ಬೇರೆ. 1988ರಲ್ಲಿ ಐರ್ಲೆಂಡ್ ಆವೃತ್ತಿ ಶುರುವಾದಾಗ ಲಂಡನ್‌ನ ಎಕ್ಸ್‌ಪ್ರೆಸ್ ಗುಂಪು ಮತ್ತು ಡಬ್ಲಿನ್‌ನ ಇಂಡಿಪೆಂಡೆಂಟ್ ಗುಂಪು ಅರ್ಧ ಅರ್ಧ ಪಾಲು ಹಾಕಿದ್ದವು. ಎಕ್ಸ್‌ಪ್ರೆಸ್ ಗುಂಪಿನ ಪಾಲು ಮೊದಲೇ ರೀಚ್ ಕೈಗೆ ಬಂದಿತ್ತು, ಉಳಿದರ್ಧವನ್ನೂ ಅದು ಕೊಂಡುಕೊಂಡಿದ್ದು 2020ರಲ್ಲಿ. ಡೈಲಿ ಮೇಲ್‌ನವರು ಬೇರೆ ದಾರಿ ಹಿಡಿದರು. 2001ರಲ್ಲಿ ‘ಐರ್ಲೆಂಡ್ ಆನ್ ಸಂಡೇ’ ಎಂಬ ಅಲ್ಲಿನದೇ ಭಾನುವಾರದ ಪೇಪರ್ ಖರೀದಿಸಿ ಕಾಲೂರಿಕೊಂಡರು, 2006ರ ಫೆಬ್ರುವರಿಯಲ್ಲಿ ಐರಿಶ್ ಡೈಲಿ ಮೇಲ್ ತಂದರು, ಆಮೇಲೆ ಆ ಭಾನುವಾರದ ಪೇಪರಿಗೂ ತಮ್ಮ ಹೆಸರೇ ಇಟ್ಟರು.

ಇನ್ನು ಒಳಗಿನ ಕೆಲಸ. ಲಂಡನ್‌ನಲ್ಲಿ ಆಗಲೇ ತಯಾರಾದ ಪುಟಗಳಿರುತ್ತವೆ: ಸಿನಿಮಾ ತಾರೆಯರು, ಪ್ರೀಮಿಯರ್ ಲೀಗ್ ಫುಟ್‌ಬಾಲ್, ಅಡುಗೆ, ಭವಿಷ್ಯ, ಪದಬಂಧ. ಇವು ಹೆಚ್ಚುಕಡಿಮೆ ಹಾಗೇ ನಡೆಯುತ್ತವೆ, ಯಾಕೆಂದರೆ ಡಬ್ಲಿನ್‌ನ ಹುಡುಗನೂ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್ ಅಂತ ಪ್ರಾಣ ಬಿಡುತ್ತಾನೆ. ಬ್ರಿಟನ್ನಿನ ರಾಜಕೀಯ, ಅಲ್ಲಿನ ಪಿಂಚಣಿ, ಅಲ್ಲಿನ ಶಾಲೆಗಳ ಸುದ್ದಿಯನ್ನು ಕಿತ್ತು ಆ ಜಾಗಕ್ಕೆ ಡಬ್ಲಿನ್ ವರದಿಗಾರರು ಬರೆದದ್ದನ್ನು ಹಾಕುತ್ತಾರೆ. ಕೋರ್ಟ್ ಸುದ್ದಿ, ಗ್ಯಾಂಗ್‌ಗಳ ಜಗಳ, ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಎಂಬ ಅಲ್ಲಿನ ಆಟಗಳು, ಐರ್ಲೆಂಡಿನ ಸಾರ್ವಜನಿಕ ವಾಹಿನಿ ಆರ್‌ಟಿಇ ಟಿವಿಯ ಕಾರ್ಯಕ್ರಮಪಟ್ಟಿ. ಪೌಂಡ್ ಇದ್ದಲ್ಲಿ ಯೂರೋ ಬರಬೇಕು. ಪೊಲೀಸ್ ಇದ್ದಲ್ಲಿ ಗಾರ್ಡ ಆಗಬೇಕು. ನಿಮ್ಮದೇ ಕ್ಷೇತ್ರದ ಉದಾಹರಣೆ ತಗೊಳ್ಳಿ: ಲಂಡನ್ನಿನ ಆರೋಗ್ಯ ಪುಟದಲ್ಲಿ ‘ಎನ್‌ಎಚ್‌ಎಸ್‌ನಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಿ’ ಅಂತ ಒಂದು ಸಾಲಿದ್ದರೆ ಅದು ಡಬ್ಲಿನ್ ಓದುಗರಿಗೆ ತಪ್ಪು ಮಾಹಿತಿ. ಎನ್‌ಎಚ್‌ಎಸ್ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ. ಐರ್ಲೆಂಡಿನಲ್ಲಿರುವುದು ಎಚ್‌ಎಸ್‌ಇ ಎಂಬ ಬೇರೆ ಸರ್ಕಾರಿ ಆರೋಗ್ಯ ಸೇವೆ, ಅದರ ನಿಯಮ ಬೇರೆ, ಖರ್ಚು ಬೇರೆ. ಇಂಥ ಒಂದೊಂದು ಸಾಲನ್ನೂ ಯಾರೋ ಕೂತು ಹುಡುಕಿ ತೆಗೆಯಬೇಕು.

ಎಲ್ಲಕ್ಕಿಂತ ಕಷ್ಟದ್ದು ಮಾತ್ರ ಒಂದು ಸಣ್ಣ ಪದ. ‘ನಮ್ಮ.’ ಟ್ಯಾಬ್ಲಾಯ್ಡ್‌ಗಳು, ಅಂದರೆ ಇಂಥ ರೋಚಕ ಸುದ್ದಿಯ ಜನಪ್ರಿಯ ಪೇಪರ್‌ಗಳು, ಬದುಕುವುದೇ ಆ ಪದದ ಮೇಲೆ. ನಮ್ಮ ಹುಡುಗರು, ನಮ್ಮ ತಂಡ, ನಮ್ಮ ಸೈನಿಕರು. 1988ರ ಜೂನ್ 12ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯುರೋ ಕಪ್ ಪಂದ್ಯದಲ್ಲಿ ಐರ್ಲೆಂಡ್ ಇಂಗ್ಲೆಂಡನ್ನು 1–0ಯಿಂದ ಸೋಲಿಸಿತು. ಗೋಲು ಹೊಡೆದದ್ದು ರೇ ಹೌಟನ್. ಐರ್ಲೆಂಡಿನ ಮ್ಯಾನೇಜರ್ ಜ್ಯಾಕ್ ಚಾರ್ಲ್‌ಟನ್, 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದ ಆಟಗಾರ! ಅಂಥ ರಾತ್ರಿ ಒಂದೇ ಕಂಪನಿಯ ಎರಡು ಆವೃತ್ತಿಗಳಿಗೆ ತಲೆಬರಹ ಬರೆಯುವುದನ್ನು ಊಹಿಸಿಕೊಳ್ಳಿ. ಒಂದರಲ್ಲಿ ನಾವು ಸೋತೆವು, ಇನ್ನೊಂದರಲ್ಲಿ ನಾವು ಗೆದ್ದೆವು.

ನಾನೂ ಒಂದು ಕನ್ನಡ ದಿನಪತ್ರಿಕೆಯ ಜಿಲ್ಲಾ ಆವೃತ್ತಿಗಳ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತವನು. ಒಂದು ಮಳೆಗಾಲದ ರಾತ್ರಿ, ಮುದ್ರಣಕ್ಕೆ ಪುಟ ಕಳಿಸುವ ಕೊನೇ ಗಳಿಗೆಯಲ್ಲಿ, ‘ನಮ್ಮ ಜಲಾಶಯ ಭರ್ತಿ: ರೈತರ ಮೊಗದಲ್ಲಿ ನಗು’ ಅಂತ ಮೇಲಿನ ಜಿಲ್ಲೆಗೆ ಮಾಡಿದ ಪುಟ ಕೆಳಗಿನ ಜಿಲ್ಲೆಗೂ ಹೋಗಿಬಿಟ್ಟಿತು. ಆ ಜಲಾಶಯದಿಂದ ಬಿಟ್ಟ ನೀರಿಗೆ ಅಲ್ಲಿ ಭತ್ತದ ಗದ್ದೆಗಳು ಮುಳುಗಿದ್ದವು. ಬೆಳಿಗ್ಗೆ ಆರೂವರೆಗೆ ಒಬ್ಬ ರೈತರು ಆಫೀಸಿಗೆ ಫೋನ್ ಮಾಡಿದರು. ಬೈಯಲಿಲ್ಲ. ‘ಯಾರ ಮೊಗದಲ್ಲಿ ಸ್ವಾಮಿ ನಗು?’ ಅಂತ ಕೇಳಿ ಇಟ್ಟುಬಿಟ್ಟರು. ಸುದ್ದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಆ ಊರಿಗೆ ಅದು ತಪ್ಪು ಸುದ್ದಿ. ಐರಿಶ್ ಆವೃತ್ತಿಗಳನ್ನು ನೋಡುವಾಗೆಲ್ಲ ನನಗೆ ಆ ಫೋನ್ ನೆನಪಾಗುತ್ತದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ 50 ಲಕ್ಷದ ಆಸುಪಾಸು, ಬೆಂಗಳೂರಿನ ಅರ್ಧವೂ ಇಲ್ಲ. ಅಷ್ಟು ಚಿಕ್ಕ ದೇಶಕ್ಕೆ ದೊಡ್ಡ ದೊಡ್ಡ ಬ್ರಿಟಿಷ್ ಕಂಪನಿಗಳು ಯಾಕೆ ಪ್ರತ್ಯೇಕ ಆವೃತ್ತಿ ಮಾಡುತ್ತವೆ? ಇವುಗಳಿಂದ ಸ್ಥಳೀಯ ಪತ್ರಿಕೆಗಳು ಮುಚ್ಚಿದವು ಎಂಬುದು ನಿಜವೇ?

ಉತ್ತರ: ಲೆಕ್ಕ ಸುಲಭ. ದುಬಾರಿ ಪುಟಗಳ ಖರ್ಚನ್ನು ಬ್ರಿಟನ್ನಿನ ಓದುಗರೇ ಕೊಟ್ಟಾಗಿರುತ್ತದೆ. ಅಂಕಣಕಾರರು, ಫೋಟೊ ಹಕ್ಕುಗಳು, ಫುಟ್‌ಬಾಲ್ ವರದಿಗಾರರು, ಎಲ್ಲವೂ. ಅದರ ಮೇಲೆ ಡಬ್ಲಿನ್‌ನಲ್ಲಿ ಒಂದು ಸಣ್ಣ ತಂಡ ಇಟ್ಟರೆ ಹೊಸ ಪತ್ರಿಕೆ ತಯಾರು, ಐರಿಶ್ ಸೂಪರ್‌ಮಾರ್ಕೆಟ್‌ಗಳ ಜಾಹೀರಾತೂ ಸಿಗುತ್ತದೆ. ಮೇಲೆ ಭಾಷೆ ಒಂದೇ. ಸೊನ್ನೆಯಿಂದ ಎಲ್ಲವನ್ನೂ ಬರೆಸಬೇಕಾದ ಸ್ಥಳೀಯ ಪತ್ರಿಕೆ ಈ ಬೆಲೆಗೆ ಪೈಪೋಟಿ ಕೊಡುವುದು ಬಹಳ ಕಷ್ಟ. ತೆರಿಗೆಯೂ ಸೇರಿಕೊಂಡಿತ್ತು. ಬ್ರಿಟನ್ನಿನಲ್ಲಿ ಪತ್ರಿಕೆಗಳಿಗೆ ವ್ಯಾಟ್ ಇಲ್ಲ, ಐರ್ಲೆಂಡಿನಲ್ಲಿ ಇತ್ತು. ಅದು ಸೊನ್ನೆಗೆ ಇಳಿದದ್ದು 2023ರ ಜನವರಿಯಲ್ಲಿ.

ಈ ಭಯ ಹೊಸದಲ್ಲ ನೋಡಿ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, 1929ರಲ್ಲಿ, ಐರ್ಲೆಂಡ್ ಸೆನ್ಸಾರ್ ಕಾನೂನು ತಂದಿತು. ಅಪರಾಧ ಮತ್ತು ಲೈಂಗಿಕ ಹಗರಣಗಳನ್ನೇ ಬಂಡವಾಳ ಮಾಡಿಕೊಂಡಿದ್ದ ಬ್ರಿಟಿಷ್ ಭಾನುವಾರದ ಪೇಪರ್‌ಗಳ ಮೇಲೂ ಅದರ ಕಣ್ಣಿತ್ತು. 1933ರಲ್ಲಿ ಹೊರಗಿನಿಂದ ಬರುವ ದಿನಪತ್ರಿಕೆಗಳ ಮೇಲೆ ಸುಂಕವನ್ನೂ ಹಾಕಿದರು. ಆಗ ಗಡಿಯಲ್ಲಿ ಪೇಪರ್ ಕಟ್ಟು ತಡೆಯಬಹುದಿತ್ತು. ಡಬ್ಲಿನ್‌ನಲ್ಲೇ ಕಚೇರಿ ತೆರೆದು, ಅಲ್ಲಿನ ಪತ್ರಕರ್ತರಿಗೇ ಸಂಬಳ ಕೊಟ್ಟು ತರುವ ಆವೃತ್ತಿಯನ್ನು ಎಲ್ಲಿ ತಡೆಯುತ್ತೀರಿ?

ಮುಚ್ಚಿದ್ದರ ಬಗ್ಗೆ: ಎಲ್ಲರೂ ಹೇಳುವುದು ಐರಿಶ್ ಪ್ರೆಸ್ ಹೆಸರು. ಮುಂದೆ ಐರ್ಲೆಂಡಿನ ಪ್ರಧಾನಿಯಾದ ಈಮನ್ ಡಿ ವೆಲೆರಾ 1931ರಲ್ಲಿ ಕಟ್ಟಿದ ಪತ್ರಿಕೆ ಅದು. 1995ರ ಮೇ ತಿಂಗಳಲ್ಲಿ ನಿಂತುಹೋಯಿತು, ಸುಮಾರು 600 ಜನ ಕೆಲಸ ಕಳೆದುಕೊಂಡರು. ಪೂರ್ತಿ ತಪ್ಪನ್ನು ಬ್ರಿಟಿಷ್ ಪೇಪರ್‌ಗಳ ಮೇಲೆ ಹಾಕಲು ನಾನು ಒಪ್ಪುವುದಿಲ್ಲ. ಒಳಗಿನ ಆಡಳಿತ ಹದಗೆಟ್ಟಿತ್ತು, ಪಾಲುದಾರರ ಜೊತೆ ಕಚ್ಚಾಟವಿತ್ತು, ಕಾರ್ಮಿಕರೊಂದಿಗೆ ಸಂಬಂಧ ಕೆಟ್ಟಿತ್ತು. ಆದರೆ ಅಗ್ಗದ ಬ್ರಿಟಿಷ್ ಪೇಪರ್ ಪಕ್ಕದಲ್ಲೇ ಸಿಗುತ್ತಿದ್ದಾಗ ಸುಧಾರಿಸಿಕೊಳ್ಳಲು ಅದಕ್ಕೆ ಸಮಯ ಸಿಗಲಿಲ್ಲ, ಅದಂತೂ ನಿಜ. ಅದೇ ಹೊತ್ತಿನಲ್ಲಿ ‘ಸಂಡೇ ವರ್ಲ್ಡ್’ ಎಂಬ 1973ರ ಅಪ್ಪಟ ಐರಿಶ್ ಟ್ಯಾಬ್ಲಾಯ್ಡ್ ಗಟ್ಟಿಯಾಗಿ ನಿಂತಿತು ಎನ್ನುವುದನ್ನೂ ಬರೆದುಕೊಳ್ಳಿ, ಪರೀಕ್ಷೆಗೆ ಬೇಕಾಗುತ್ತದೆ.

ಪ್ರಶ್ನೆ: ಒಂದೇ ಪತ್ರಿಕೆ ಅಲ್ಲಿ ಒಂದು ಮಾತು, ಇಲ್ಲಿ ಒಂದು ಮಾತು ಬರೆದರೆ ಅದು ಓದುಗರಿಗೆ ಮಾಡುವ ಮೋಸ ಅಲ್ವಾ ಸರ್? (ಬೆಂಗಳೂರಿನ ಓದುಗರು)

ಉತ್ತರ: ಕೆಲವೊಮ್ಮೆ ಹೌದು. ಇದಕ್ಕೆ ಒಂದು ಪ್ರಸಿದ್ಧ ಪ್ರಕರಣವೇ ಇದೆ. ಟ್ಯಾಬ್ಲಾಯ್ಡ್‌ನದ್ದಲ್ಲ, ಸಂಡೇ ಟೈಮ್ಸ್‌ನದ್ದು, ಆದರೆ ಸಮಸ್ಯೆ ಇದೇ.

1994ರ ನವೆಂಬರ್‌ನಲ್ಲಿ ಐರ್ಲೆಂಡಿನ ಪ್ರಧಾನಿ (ಅಲ್ಲಿ ಅವರನ್ನು ‘ಟೀಶಕ್’ ಅನ್ನುತ್ತಾರೆ) ಆಲ್ಬರ್ಟ್ ರೆನಾಲ್ಡ್ಸ್ ರಾಜೀನಾಮೆ ಕೊಟ್ಟರು. ಆ ಭಾನುವಾರ ಸಂಡೇ ಟೈಮ್ಸ್‌ನ ಎರಡು ಆವೃತ್ತಿಗಳಲ್ಲಿ ಎರಡು ಬೇರೆ ಬೇರೆ ಬರಹ ಬಂದವು. ಬ್ರಿಟನ್ನಿನ ಆವೃತ್ತಿ ಅವರನ್ನು ‘ಗೊಂಬೀನ್ ಮ್ಯಾನ್’ ಎಂದು ಕರೆದು ಬೀಳ್ಕೊಟ್ಟಿತು. ಗೊಂಬೀನ್ ಅಂದರೆ ಹಳ್ಳಿಯಲ್ಲಿ ಬಡ್ಡಿಗೆ ಸಾಲ ಕೊಟ್ಟು ಜನರನ್ನು ಹಿಂಡುವ ಸಾಹುಕಾರ, ಐರಿಶ್ ಜನರಿಗೆ ಚುಚ್ಚುವ ಬೈಗುಳ. ಅವರು ಸಂಸತ್ತಿಗೆ ಗೊತ್ತಿದ್ದೂ ಸುಳ್ಳು ಹೇಳಿದರು ಎನ್ನುವ ಅರ್ಥ ಬರುವಂತೆ ಬರೆದಿತ್ತು, ಅವರು ಕೊಟ್ಟ ವಿವರಣೆಯನ್ನು ಹಾಕಿರಲೇ ಇಲ್ಲ. ಐರಿಶ್ ಆವೃತ್ತಿಯಲ್ಲಿದ್ದದ್ದು ಅದಕ್ಕಿಂತ ಉದ್ದದ, ಬೇರೆಯದೇ ಲೇಖನ. ಯಾಕೆ ಹೀಗೆ? ಡಬ್ಲಿನ್ ಓದುಗ ವಾರವಿಡೀ ಆ ಕಲಾಪವನ್ನು ಕೇಳಿದ್ದ, ಅವನಿಗೆ ಅರ್ಧಂಬರ್ಧ ಹೇಳಿ ದಾಟಿಸಲು ಆಗುವುದಿಲ್ಲ. ಲಂಡನ್ ಓದುಗನಿಗೆ ಅದು ದೂರದೂರಿನ ಕತೆ.

ರೆನಾಲ್ಡ್ಸ್ ಲಂಡನ್ ಕೋರ್ಟಿಗೆ ಹೋದರು. ಆರೋಪ ನಿಜವಲ್ಲ ಎಂದು ಜ್ಯೂರಿ ಹೇಳಿತು, ಆದರೆ ಪರಿಹಾರ ಸೊನ್ನೆ ಎಂದಿತು! ನ್ಯಾಯಾಧೀಶರು ಅದನ್ನು ಒಂದು ಪೆನ್ನಿ ಮಾಡಿದರು. ಅಲ್ಲಿಂದ ಪ್ರಕರಣ ಹೌಸ್ ಆಫ್ ಲಾರ್ಡ್ಸ್ (ಆಗ ಅದೇ ಬ್ರಿಟನ್ನಿನ ಅತ್ಯುನ್ನತ ಕೋರ್ಟ್) ತನಕ ಹೋಗಿ, 1999ರಲ್ಲಿ, ಜವಾಬ್ದಾರಿಯಿಂದ ಮಾಡಿದ ಪತ್ರಿಕೋದ್ಯಮಕ್ಕೆ ಕಾನೂನಿನ ರಕ್ಷಣೆ ಇದೆ ಎಂಬ ದೊಡ್ಡ ತೀರ್ಪು ಬಂತು. ಪತ್ರಕರ್ತರು ಅದನ್ನು ‘ರೆನಾಲ್ಡ್ಸ್ ರಕ್ಷಣೆ’ ಅಂತ ಕರೆದರು; 2013ರ ಮಾನನಷ್ಟ ಕಾಯ್ದೆ ಇಂಗ್ಲೆಂಡಿನಲ್ಲಿ ಅದರ ಜಾಗಕ್ಕೆ ಬೇರೆ ನಿಯಮ ತಂದಿತು. ಆದರೆ ಆ ರಕ್ಷಣೆ ಆ ಲೇಖನಕ್ಕೇ ಸಿಗಲಿಲ್ಲ. ಕಾರಣಗಳಲ್ಲಿ ಮುಖ್ಯವಾದದ್ದು ಆ ಬಿಟ್ಟುಹೋದ ವಿವರಣೆ. ಎರಡು ಆವೃತ್ತಿ ಬೇರೆ ಇರುವುದು ತಪ್ಪಲ್ಲ. ದೂರದ ಓದುಗನಿಗೆ ಹೇಗೂ ಗೊತ್ತಾಗಲ್ಲ ಅಂತ ಅವನಿಗೆ ಕಡಿಮೆ ಸತ್ಯ ಕೊಡುವುದು ತಪ್ಪು. ನನ್ನ ಪ್ರಕಾರ ಮೋಸ ಶುರುವಾಗುವುದು ಅಲ್ಲಿ.

ಅಭಿಪ್ರಾಯದ ವಿಷಯಕ್ಕೆ ಬಂದರೆ ಇನ್ನೂ ಗೋಜಲು. 2015ರ ಬ್ರಿಟನ್ ಚುನಾವಣೆಗೆ ಮುಂಚೆ ಒಂದೇ ದಿನ ಸನ್ ಪತ್ರಿಕೆಯ ಇಂಗ್ಲೆಂಡ್ ಆವೃತ್ತಿ ಕನ್ಸರ್ವೇಟಿವ್ ಪಕ್ಷಕ್ಕೆ ವೋಟು ಹಾಕಿ ಅಂದಿತು, ಸ್ಕಾಟಿಷ್ ಸನ್ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಹಾಕಿ ಅಂದಿತು. ಒಂದರ ಮುಖಪುಟದಲ್ಲಿ ಕನ್ಸರ್ವೇಟಿವ್ ನಾಯಕ ಕ್ಯಾಮರಾನ್, ಇನ್ನೊಂದರಲ್ಲಿ ಸ್ಕಾಟಿಷ್ ಪಕ್ಷದ ಆಗಿನ ನಾಯಕಿ ನಿಕೋಲಾ ಸ್ಟರ್ಜನ್. 2017ರ ನವೆಂಬರ್‌ನಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡುವ ಬ್ರೆಕ್ಸಿಟ್‌ನಿಂದ ಐರ್ಲೆಂಡ್ ಗಡಿಯ ವಿವಾದ ಜೋರಾಗಿದ್ದಾಗ ಲಂಡನ್ನಿನ ಸನ್ ತನ್ನ ಸಂಪಾದಕೀಯದಲ್ಲಿ ಟೀಶಕ್ ಲಿಯೊ ವರಾಡ್ಕರ್ ಅವರಿಗೆ ಬಾಯಿ ಮುಚ್ಚಿಕೊಂಡಿರು, ದೊಡ್ಡವನಾಗು ಎಂಬರ್ಥದ ಮಾತು ಹೇಳಿತು. (ಇವರ ತಂದೆ ಮಹಾರಾಷ್ಟ್ರದ ಮಾಲವಣ ತಾಲ್ಲೂಕಿನ ವರಾಡ್ ಊರಿನ ಕಡೆಯವರು, ನಮ್ಮ ಕಾರವಾರದಿಂದ ಬಹಳ ದೂರವಿಲ್ಲ.) ಬೈದದ್ದು ಸನ್, ಡಬ್ಲಿನ್ ಅಂಗಡಿಯಲ್ಲಿ ‘ಐರಿಶ್’ ಅಂತ ಸೇರಿಸಿಕೊಂಡು ತೂಗುವುದೂ ಸನ್. ಆ ಬೈಗುಳದ ಭಾರ ಹೊರಬೇಕಾದವರು ಅಲ್ಲಿನ ವರದಿಗಾರರು. ಮರುದಿನ ಮಂತ್ರಿಗಳ ಮುಂದೆ ಅದೇ ಹೆಸರಿನ ಗುರುತುಚೀಟಿ ಹಾಕಿಕೊಂಡು ಪ್ರಶ್ನೆ ಕೇಳಬೇಕಲ್ಲ!

ಪ್ರಶ್ನೆ: ಮತ್ತೆ ನಾನೇ, ಡಬ್ಲಿನ್‌ನಿಂದ. ಮಾಲೀಕರು ಲಂಡನ್‌ನಲ್ಲಿದ್ದರೆ ಇಲ್ಲಿನ ಸಂಪಾದಕರಿಗೆ ನಿಜವಾಗಿ ಎಷ್ಟು ಸ್ವಾತಂತ್ರ್ಯ ಇರುತ್ತದೆ? ಈ ಪೇಪರ್‌ಗಳು ತಪ್ಪು ಬರೆದರೆ ಯಾರಿಗೆ ದೂರು ಕೊಡಬೇಕು?

ಉತ್ತರ: ದೂರಿನದ್ದು ಮೊದಲು, ಅದು ಚಿಕ್ಕದು. ಐರ್ಲೆಂಡಿನಲ್ಲಿ 2008ರಿಂದ ಪ್ರೆಸ್ ಕೌನ್ಸಿಲ್ ಮತ್ತು ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಪ್ರೆಸ್ ಓಂಬುಡ್ಸ್‌ಮನ್ ಇದ್ದಾರೆ. ಬ್ರಿಟಿಷ್ ಒಡೆತನದ ಐರಿಶ್ ಆವೃತ್ತಿಗಳೂ ಇದರಡಿ ಬರುತ್ತವೆ. ಲಂಡನ್ನಿಗೆ ಬರೆಯಬೇಕಾಗಿಲ್ಲ, ದೂರು ಕೊಡಲು ದುಡ್ಡೂ ಇಲ್ಲ. ಮೊದಲು ಸಂಪಾದಕರಿಗೆ ಬರೆಯಿರಿ, ಸರಿಹೋಗದಿದ್ದರೆ ಓಂಬುಡ್ಸ್‌ಮನ್. 2009ರ ಮಾನನಷ್ಟ ಕಾಯ್ದೆ ಈ ವ್ಯವಸ್ಥೆಗೆ ಕಾನೂನಿನ ಬೆಂಬಲವನ್ನೂ ಕೊಟ್ಟಿದೆ.

ಸ್ವಾತಂತ್ರ್ಯದ ಪ್ರಶ್ನೆಗೆ 2012ರ ಸೆಪ್ಟೆಂಬರ್ ನೆನಪಿಸುತ್ತೇನೆ. ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ಪತ್ನಿ ಕೇಟ್ ರಜೆಯಲ್ಲಿದ್ದಾಗ ದೂರದಿಂದ ಕದ್ದು ತೆಗೆದ ಅರೆಬೆತ್ತಲೆ ಫೋಟೊಗಳು ಫ್ರಾನ್ಸ್‌ನ ಪತ್ರಿಕೆಯೊಂದರಲ್ಲಿ ಬಂದವು. ಬ್ರಿಟನ್ನಿನ ಯಾವ ಪೇಪರ್ರೂ ಅವನ್ನು ಮುಟ್ಟಲಿಲ್ಲ. ಐರಿಶ್ ಡೈಲಿ ಸ್ಟಾರ್ ಹಾಕಿತು. ಸಂಪಾದಕ ಮೈಕಲ್ ಒಕೇನ್ ಕೊಟ್ಟ ಸಮರ್ಥನೆ ಏನು ಗೊತ್ತೇ? ಆಕೆ ಐರ್ಲೆಂಡಿನ ಮುಂದಿನ ರಾಣಿ ಅಲ್ಲ, ನಮಗೆ ಬೇರೆ ತಾರೆಯರಿದ್ದಂತೆ ಆಕೆಯೂ ಒಬ್ಬರು.

ಮತ್ತೆ ಅದೇ ‘ನಮ್ಮ’. ಅವರು ಹೇಳಿದ್ದರಲ್ಲಿ ಒಂದು ಭಾಗ ಖಂಡಿತ ನಿಜ, ಐರ್ಲೆಂಡ್ ಗಣರಾಜ್ಯ, ಅವರಿಗೆ ರಾಣಿಯಿಲ್ಲ. ಆದರೆ ಫೋಟೊಗಳನ್ನು ಹಾಕಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ. ಹೆಣ್ಣುಮಗಳೊಬ್ಬಳು ಖಾಸಗಿ ಜಾಗದಲ್ಲಿದ್ದಾಗ ಆಕೆ ಯಾವ ದೇಶದ ರಾಣಿ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಮುಂದೆ ನಡೆದದ್ದು ನೋಡಿ. ಪಾಲುದಾರ, ಎಕ್ಸ್‌ಪ್ರೆಸ್ ಗುಂಪಿನ ಆಗಿನ ಮಾಲೀಕ ರಿಚರ್ಡ್ ಡೆಸ್ಮಂಡ್ ಲಂಡನ್‌ನಲ್ಲಿ ಕೆಂಡವಾದರು, ಈ ಜಂಟಿ ಕಂಪನಿಯನ್ನೇ ಮುಚ್ಚುತ್ತೇನೆ ಎಂದರು. ಹತ್ತಾರು ಜನರ ಕೆಲಸ ವಾರಗಟ್ಟಲೆ ತೂಗುಯ್ಯಾಲೆಯಲ್ಲಿತ್ತು, ಅವರಲ್ಲಿ ಆ ಫೋಟೊಗಳನ್ನು ಕಣ್ಣಿಂದ ನೋಡಿರದವರೂ ಇದ್ದಿರಬೇಕು. ಸಂಪಾದಕರನ್ನು ಅಮಾನತಿನಲ್ಲಿಟ್ಟರು, ನವೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಪೇಪರ್ ಉಳಿಯಿತು.

ಹಾಗಾಗಿ ದಿನದಿನದ ಸುದ್ದಿಯಲ್ಲಿ ಡಬ್ಲಿನ್ ಸಂಪಾದಕರಿಗೆ ಸ್ವಾತಂತ್ರ್ಯ ಸಾಕಷ್ಟಿರುತ್ತದೆ. ಅದು ಎಲ್ಲಿಗೆ ನಿಲ್ಲುತ್ತದೆ ಎನ್ನುವುದು ಲಂಡನ್ನಿಗೆ ನೋವಾದ ದಿನ ಗೊತ್ತಾಗುತ್ತದೆ.

ನೀವೇ ಪರೀಕ್ಷೆ ಮಾಡಿ ನೋಡಬೇಕೆಂದರೆ ಒಂದು ಶನಿವಾರ ಇವುಗಳಲ್ಲಿ ಯಾವುದಾದರೂ ಒಂದನ್ನು ತಗೊಳ್ಳಿ. ಮುಖಪುಟ ಬಿಡಿ, ಅದನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಸಂಪಾದಕೀಯ ಓದಿ, ಅದರಲ್ಲಿ ‘ನಾವು’ ಅಂದಾಗ ಯಾರನ್ನು ಸೇರಿಸಿಕೊಂಡಿದ್ದಾರೆ ನೋಡಿ. ಆಮೇಲೆ ಮಧ್ಯದ ಆರೋಗ್ಯ ಪುಟಕ್ಕೆ ಹೋಗಿ, ಕೆಳಗೆ ಸಹಾಯವಾಣಿ ನಂಬರ್ ಕೊಟ್ಟಿರುತ್ತಾರಲ್ಲ, ಅದು ಐರ್ಲೆಂಡಿನದ್ದೋ ಬ್ರಿಟನ್ನಿನದ್ದೋ ಅಂತ ಹುಡುಕಿ. ನರ್ಸ್ ಕಣ್ಣಿಗೆ ಅದು ನನಗಿಂತ ಬೇಗ ಕಾಣುತ್ತದೆ.