ಹವಳದ ತೊಟ್ಟಿಗೆ ಎಂಥ ಶುಚಿಗಾರರು?

ಪ್ರಶ್ನೆ: ಉಪ್ಪುನೀರಿನ ಹವಳದ ತೊಟ್ಟಿ ಆರಂಭಿಸಿ 2 ತಿಂಗಳಾಯಿತು, ಗಾಜಿಗೆ ಕಂದು ಪಾಚಿ ಕಟ್ಟುತ್ತಿದೆ. ಅದನ್ನು ತಿನ್ನಲು ಯಾವ ಜೀವಿಗಳನ್ನು ಬಿಡಬೇಕು?

ಉತ್ತರ: ಹೊಸ ತೊಟ್ಟಿಯ ಕಂದು ಲೇಪ ಸಾಮಾನ್ಯವಾಗಿ ಸಿಲಿಕೇಟ್ ಎಂಬ ಖನಿಜದಿಂದ ಕವಚ ಕಟ್ಟಿಕೊಳ್ಳುವ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳದ್ದು, ನೀರಿನಲ್ಲಿ ಸಿಲಿಕೇಟ್ ಕಡಿಮೆಯಾದಂತೆ ಅದು ಬಹುಮಟ್ಟಿಗೆ ತಾನಾಗಿಯೇ ಇಳಿಯುವುದರಿಂದ, ಒಮ್ಮೆಲೇ ಹತ್ತಾರು ಜೀವಿಗಳನ್ನು ತುಂಬಿದರೆ ಪಾಚಿ ತೀರಿದ ಮೇಲೆ ಅವು ಹಸಿವಿನಿಂದ ಸತ್ತು ನೀರನ್ನೇ ಕೆಡಿಸುತ್ತವೆ. ಟ್ರೋಕಸ್ ಬಸವನಹುಳುಗಳೇ ನನ್ನ ಮೊದಲ ಆಯ್ಕೆ. ಮಗುಚಿ ಬಿದ್ದರೂ ಅವು ತಾವೇ ಹೊರಳಿ ಏಳುತ್ತವೆ, ಟರ್ಬೋ ಎಂಬ ಬಸವನಹುಳುಗಳು ಎಷ್ಟೋ ಸಲ ಬಿದ್ದಲ್ಲೇ ಸಾಯುತ್ತವೆ. ನಸಾರಿಯಸ್ ಎಂಬ ಇನ್ನೊಂದು ಬಸವನಹುಳು ಪಾಚಿ ತಿನ್ನುವುದಿಲ್ಲ. ಮರಳಿನಲ್ಲಿ ಹುದುಗಿದ್ದು, ಆಹಾರದ ವಾಸನೆ ಬಂದೊಡನೆ ಸೊಂಡಿಲಿನಂಥ ನಳಿಕೆ ಚಾಚಿ ಮೇಲೇಳುತ್ತದೆ. ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್) ಬೇಕೇಬೇಕೆಂದರೆ ಖಾಲಿ ಚಿಪ್ಪುಗಳನ್ನೂ ಇಡಿ. ಇಲ್ಲವಾದರೆ ಬಸವನಹುಳುವನ್ನು ಕೊಂದು ಅದರ ಮನೆಗೇ ನುಗ್ಗೀತು. ತಾಮ್ರವಿರುವ ಮೀನಿನ ಔಷಧಿಯನ್ನಂತೂ ಈ ತೊಟ್ಟಿಗೆ ಎಂದೂ ಹಾಕಬೇಡಿ, ತಾಮ್ರ ಈ ಜೀವಿಗಳಿಗೆ ವಿಷ.