ಆಸ್ಟ್ರೇಲಿಯಾದಲ್ಲಿ ಮೂವರಲ್ಲಿ ಇಬ್ಬರಿಗೆ ಚರ್ಮದ ಕ್ಯಾನ್ಸರ್ ಅನ್ನೋದು ನಿಜವೇ?

ನಿಮ್ಮ ಮಗಳು ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಓದಲು ಹೊರಟಿದ್ದಾಳೆ. ಆ ದೇಶದಲ್ಲಿ ಮೂವರಲ್ಲಿ ಇಬ್ಬರಿಗೆ ಚರ್ಮದ ಕ್ಯಾನ್ಸರ್ ಬರುತ್ತೆ ಅಂತ ಓದಿದ್ದೀರಿ. ಆದರೆ ಅಲ್ಲಿ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುವ ಅಧಿಕೃತ ಪಟ್ಟಿಯಲ್ಲಿ ಅಷ್ಟು ದೊಡ್ಡ ಅಂಕಿ ಕಾಣುತ್ತಿಲ್ಲ, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ.

ಎರಡನ್ನೂ ನಂಬಿ. ನಾನು ಇದೇ ಊರಿನಲ್ಲಿದ್ದೇನೆ. 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಮ್ಮೆಯಾದರೂ ಯಾವುದೋ ಒಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಪಟ್ಟಿಯಲ್ಲಿ ಕಾಣುವುದು ಅದರಲ್ಲಿ ಮುಖ್ಯವಾಗಿ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಹೆಚ್ಚು ಅಪಾಯದ ಬಗೆ. ಚರ್ಮದ ಮೇಲ್ಪದರದ ಬೇರೆ ಕೋಶಗಳಲ್ಲಿ ಹುಟ್ಟುವ, ಜಾಸ್ತಿ ಬರುವ ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್ ಬಗೆಗಳನ್ನು ಬಹುತೇಕ ರಾಜ್ಯಗಳು ಲೆಕ್ಕಕ್ಕೇ ತೆಗೆದುಕೊಂಡು ಬಂದಿಲ್ಲ. ಹೇಗೆ ತಾನೇ ತೆಗೆದುಕೊಳ್ಳುತ್ತಾರೆ? ಎಷ್ಟೋ ಸಲ ಮಾಮೂಲಿ ಡಾಕ್ಟರೇ ತಮ್ಮ ಕೋಣೆಯಲ್ಲಿ ಮಚ್ಚೆಯನ್ನು ಕೊರೆದು ತೆಗೆಯುತ್ತಾರೆ, ಇಲ್ಲವೇ ಅತಿ ತಣ್ಣನೆಯ ದ್ರವ ಸಿಂಪಡಿಸಿ ಹೆಪ್ಪುಗಟ್ಟಿಸಿ ಸಾಯಿಸುತ್ತಾರೆ. ಒಬ್ಬರಿಗೇ ಹಲವು ಸಲ ಬರುವುದೂ ಉಂಟು.

ಹಾಗಾಗಿ ಜನರನ್ನೇ ಕೇಳಿ ಅಂದಾಜು ಮಾಡಬೇಕಾಯಿತು. 2002ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆ ಒಂದು ವರ್ಷದಲ್ಲೇ ಸುಮಾರು 3,74,000 ಜನ ಈ ಎರಡು ಬಗೆಗಳಿಗೆ ಚಿಕಿತ್ಸೆ ಪಡೆದಿದ್ದರು. ಆಗ ದೇಶದ ಜನಸಂಖ್ಯೆ ಎರಡು ಕೋಟಿಯೂ ಇರಲಿಲ್ಲ. ಅಂದರೆ ವರ್ಷಕ್ಕೆ ಐವತ್ತು ಜನರಲ್ಲಿ ಒಬ್ಬರು!

ನಮ್ಮ ಪಕ್ಕದ ಮನೆಯ ಅಜ್ಜ ಚಿಕ್ಕಂದಿನಲ್ಲಿ ಅಂಗಿ ಇಲ್ಲದೆ ಹೊಲದಲ್ಲೇ ಬೆಳೆದವರು. ಅವರ ಮೂಗು, ಕಿವಿ, ಮುಂಗೈ ತುಂಬಾ ಕತ್ತರಿಸಿದ ಗುರುತು. ಅವರು ಅದನ್ನು ಕ್ಯಾನ್ಸರ್ ಅನ್ನೋದೇ ಇಲ್ಲ, 'ಸ್ಪಾಟ್' ಅಂತಾರೆ. ಬಿಳಿ ಚರ್ಮ, ಖಾರದಂಥ ಬಿಸಿಲು, ಎರಡೂ ಸೇರಿದ್ದರ ಫಲ ಅದು. 1981ರಿಂದ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಅಂತ ಅಂಗಿ, ಕ್ರೀಮು, ಟೋಪಿಯ ಪಾಠ ನಡೆದೇ ಇದೆ. ಎಷ್ಟೋ ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವನ್ನು ಬಿಸಿಲಲ್ಲಿ ಆಟಕ್ಕೆ ಬಿಡುವುದಿಲ್ಲ.

ನಿಮ್ಮ ಮಗಳಿಗೆ ಆ ಅಂಕಿ ಹಾಗೇ ಅನ್ವಯಿಸುವುದಿಲ್ಲ. ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನೋ ವಸ್ತುವೇ ದೊಡ್ಡ ಕಾವಲು, ಅಪಾಯ ಬಹಳ ಕಡಿಮೆ. ಆದರೆ ನಮ್ಮವರಲ್ಲಿ ಈ ಕಾಯಿಲೆ ಬೇರೆ ದಾರಿ ಹಿಡಿಯಬಹುದು. ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಗಾಯದಲ್ಲಿ, ಅಪರೂಪಕ್ಕೆ ಲಂಗದ ಲಾಡಿ ಬಿಗಿದು ಬಿಗಿದು ಕಪ್ಪಾದ ಸೊಂಟದ ಮೇಲೂ ಸ್ಕ್ವೇಮಸ್ ಸೆಲ್ ಕಾಣಿಸಿಕೊಂಡಿದೆ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ, ಅಲ್ವಾ? ಅದಕ್ಕೇ ತಡವಾಗಿ ಗೊತ್ತಾಗೋದು.

ಅಂಥ ಹಳೆಯ ಕಲೆ ಏನಾದರೂ ಇದ್ದರೆ ಹೊರಡುವ ಮುಂಚೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಇಲ್ಲಿ ಬಂದ ಮೇಲೆ ಅಗಲ ಅಂಚಿನ ಟೋಪಿ ಕೊಳ್ಳಲು ಹೇಳಿ.