ಹಳೇ ಕಾರ್ಖಾನೆ ಜಾಗದಲ್ಲಿ ಅಪಾರ್ಟ್‌ಮೆಂಟ್: ಪೈಪು, ಕರೆಂಟು, ರಸ್ತೆ ಯಾವಾಗ, ಯಾರ ದುಡ್ಡಲ್ಲಿ?

ಬೆಂಗಳೂರಿನ ಹಳೇ ಕೈಗಾರಿಕಾ ಪ್ರದೇಶಗಳು ವಸತಿ ಮತ್ತು ಕಚೇರಿ ಪ್ರದೇಶಗಳಾಗಿ ಬದಲಾಗುತ್ತಿರುವ ಬಗ್ಗೆ ಈ ಸಲ ಮೂರು ಪ್ರಶ್ನೆ ಬಂದಿವೆ. ಉತ್ತರಿಸಿದವರು ನಗರದ ನೀರು ಮತ್ತು ಒಳಚರಂಡಿ ಯೋಜನೆಗಳಲ್ಲಿ ಕೆಲಸ ಮಾಡುವ ಸಿವಿಲ್ ಎಂಜಿನಿಯರ್.

ಪ್ರಶ್ನೆ: ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನಲ್ಲಿ ನಮ್ಮದೊಂದು ಲೇಥ್ ವರ್ಕ್‌ಶಾಪ್ ಇದೆ. ಪಕ್ಕದ ದೊಡ್ಡ ಕಾರ್ಖಾನೆ ಒಡೆದು 400 ಮನೆಗಳ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಹಿಂದಿನ ರಸ್ತೆಯಲ್ಲಿ ಇನ್ನೂ ಎರಡು ಶೆಡ್ ಮಾರಾಟವಾಗಿವೆ. ಈಗಲೇ ಜೋರು ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುತ್ತದೆ, ಸಂಜೆ ವೋಲ್ಟೇಜ್ ಬೀಳುತ್ತದೆ. ನಮ್ಮ ಬೀದಿಗೆ ದೊಡ್ಡ ಒಳಚರಂಡಿ ಪೈಪ್ ಹಾಕಿಕೊಡುತ್ತೇವೆ ಎಂದು ಅಪಾರ್ಟ್‌ಮೆಂಟ್ ಕಟ್ಟುವವರು ಅಂದಿದ್ದಾರೆ. ಅಷ್ಟು ಸಾಕಾ? ನಮ್ಮ ಮಾಲೀಕರ ಸಂಘ ಏನು ಕೇಳಬೇಕು?

ಉತ್ತರ: ಸಾಕಾಗುವುದಿಲ್ಲ. ನಿಮ್ಮ ಬೀದಿಯ ಪೈಪ್ ಮಾತ್ರ ದೊಡ್ಡದಾದರೆ ನಿಮ್ಮಲ್ಲಿ ಉಕ್ಕುವುದು ಕೆಳಗಿನ ಸರ್ಕಲ್‌ನಲ್ಲಿ ಉಕ್ಕುತ್ತದೆ. ಒಳಚರಂಡಿ ಇಳಿಜಾರಿನಲ್ಲಿ ಹರಿಯುವಂಥದ್ದು. ಹಾಗಾಗಿ ಅದರ ಕೆಲಸ ಕೆಳಗಿನ ತುದಿಯಿಂದ ಶುರುವಾಗಬೇಕು. ರಾಜಾಜಿನಗರದ ಕಡೆಯ ಕೊಳಚೆ ವೃಷಭಾವತಿ ಕಣಿವೆಯ ಕಡೆ ಇಳಿಯುತ್ತದೆ. ಆ ದಾರಿಯ ದೊಡ್ಡ ಕೊಳವೆಯಲ್ಲಿ ಇನ್ನೆಷ್ಟು ಜಾಗ ಉಳಿದಿದೆ ಅನ್ನುವುದು ಮೊದಲ ಪ್ರಶ್ನೆ. ನಿಮ್ಮ ಬೀದಿ ಆಮೇಲೆ.

ಒಂದು ಚಿಕ್ಕ ಲೆಕ್ಕ ಮಾಡೋಣ. 200 ಜನ ಕೆಲಸ ಮಾಡುವ ಕಾರ್ಖಾನೆಗೆ, ತಲೆಗೆ ದಿನಕ್ಕೆ 45 ಲೀಟರ್‌ನಂತೆ, 9,000 ಲೀಟರ್ ನೀರು ಬೇಕು. ಅದೇ ಜಾಗದಲ್ಲಿ 400 ಮನೆ ಬಂದು, ಮನೆಗೆ ನಾಲ್ಕು ಜನ ಅಂದುಕೊಂಡರೆ 1,600 ಜನರಾಗುತ್ತಾರೆ. ತಲೆಗೆ 135 ಲೀಟರ್‌ನಂತೆ 2,16,000 ಲೀಟರ್ ಬೇಕು. 24 ಪಟ್ಟು! ಇದರಲ್ಲಿ ಸುಮಾರು ಶೇ. 80ರಷ್ಟು ಚರಂಡಿಗೆ ಬರುತ್ತದೆ. ಅದೂ ಒಂದೇ ಸಮನಾಗಿ ಬರುವುದಿಲ್ಲ. ಬೆಳಿಗ್ಗೆ ಎಲ್ಲರೂ ಏಳುವ ಹೊತ್ತಿಗೆ ಒಟ್ಟಿಗೆ ನುಗ್ಗುತ್ತದೆ. ಚಿಕ್ಕ ಪ್ರದೇಶಕ್ಕೆ ಸರಾಸರಿ ಹರಿವಿನ ಮೂರು ಪಟ್ಟು ಇಟ್ಟುಕೊಂಡು ಪೈಪ್ ಅಳತೆ ಹಾಕುವುದು ರೂಢಿ. ಅಪಾರ್ಟ್‌ಮೆಂಟ್‌ನಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದ್ದು, ಶುದ್ಧ ಮಾಡಿದ ನೀರನ್ನು ಫ್ಲಶ್‌ಗೆ, ಗಿಡಕ್ಕೆ ಬಳಸಿದರೆ ಹೊರೆ ಇಳಿಯುತ್ತದೆ. ಆದರೆ ಎಸ್‌ಟಿಪಿ ಕೆಟ್ಟು ನಿಂತ ದಿನ ಪೂರ್ತಿ ಹರಿವು ಬೀದಿಗೇ ಬರುತ್ತದೆ. ಪೈಪನ್ನು ಆ ದಿನಕ್ಕೂ ಲೆಕ್ಕ ಹಾಕಬೇಕು.

ಇದು ಒಂದು ಜಾಗದ ಮಾತು. ಮಾರಾಟವಾದ ಎರಡು ಶೆಡ್, ಮುಂದೆ ಮಾರಾಟವಾಗಬಹುದಾದ ಇನ್ನಷ್ಟು ಜಾಗ ಎಲ್ಲ ಸೇರಿಸಿದರೆ? ಒಂದೊಂದು ಕಟ್ಟಡದ ಅರ್ಜಿಯನ್ನೂ ಬಿಡಿಬಿಡಿಯಾಗಿ ನೋಡಿದಾಗ ಪ್ರತಿಯೊಂದೂ 'ಪರವಾಗಿಲ್ಲ, ಹಿಡಿಯುತ್ತೆ' ಅನ್ನಿಸುತ್ತದೆ. ಎಲ್ಲವನ್ನೂ ಕೂಡಿಸಿದರೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಹಳೇ ಕೈಗಾರಿಕಾ ಪ್ರದೇಶಗಳಲ್ಲಿ ಆಗುತ್ತಿರುವ ದೊಡ್ಡ ತಪ್ಪು ಇದೇ. ಕೂಡಿಸುವ ಕೆಲಸವನ್ನು ಯಾರೂ ಮಾಡುತ್ತಿಲ್ಲ.

ಮುಂಬೈನಲ್ಲಿ ಹೀಗೆಯೇ ಆಯಿತು. 1982ರ ಮುಷ್ಕರದ ನಂತರ ಪರೇಲ್ ಸುತ್ತಲಿನ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದ ಪ್ರಕಾರ ಗಿರಣಿ ಜಾಗವನ್ನು ಹೆಚ್ಚುಕಡಿಮೆ ಮೂರು ಪಾಲು ಮಾಡಬೇಕಿತ್ತು. ಪಾಲಿಕೆಗೆ ಬಯಲು ಜಾಗಕ್ಕೆ ಒಂದು, ಸಾಮಾನ್ಯರ ಮನೆಗಳಿಗೆ ಒಂದು, ಮಾಲೀಕರಿಗೆ ಒಂದು. 2001ರ ತಿದ್ದುಪಡಿ ಬಂದ ಮೇಲೆ ಕಟ್ಟಡವಿಲ್ಲದೆ ಖಾಲಿ ಇದ್ದ ಜಾಗ ಮಾತ್ರ ಈ ಹಂಚಿಕೆಗೆ ಬಂತು. ಸಾರ್ವಜನಿಕರ ಪಾಲು ತೀರಾ ಕಿರಿದಾಯಿತು. ಗಿರಣಿ ಇದ್ದಲ್ಲೆಲ್ಲ ಕಚೇರಿ ಗೋಪುರಗಳು ಎದ್ದವು. ದಿನಾ ಬಂದುಹೋಗುವ ಜನ ಹೆಚ್ಚಿದರು. ರೈಲು ನಿಲ್ದಾಣದ ಕಾಲುಸೇತುವೆ ಮಾತ್ರ ಹಾಗೇ ಇಕ್ಕಟ್ಟಾಗಿ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆ ಬರುವಾಗ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಆ ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. ಮೂಲಸೌಕರ್ಯ ಅಂದರೆ ಪೈಪು, ವೈರು ಅಷ್ಟೇ ಎಂದುಕೊಳ್ಳುವವರಿಗೆ ನಾನು ಇದನ್ನು ನೆನಪಿಸುತ್ತೇನೆ. ನಮ್ಮ ಕಡೆ ಪೀಣ್ಯದವರೆಗೆ ಮೆಟ್ರೋ 2014ರಲ್ಲೇ ಬಂದಿದೆ. ನಿಲ್ದಾಣದಿಂದ ನಿಮ್ಮ ಬೀದಿಯವರೆಗೆ ಜನ ನಡೆದು ಬರುವಂಥ ಫುಟ್‌ಪಾತ್ ಇದೆಯಾ ಎಂದು ಸಂಘದವರೇ ಒಮ್ಮೆ ನಡೆದು ನೋಡಿ.

ಈಗ ನಿಮ್ಮ ಮ್ಯಾನ್‌ಹೋಲ್ ವಿಷಯ. ಮಳೆ ಬಂದಾಗ ಮಾತ್ರ ಉಕ್ಕುತ್ತದೆ ಅಂದಿದ್ದೀರಿ. ಹಾಗಾದರೆ ಮಳೆನೀರು ಒಳಚರಂಡಿಗೆ ಸೇರುತ್ತಿದೆ ಎಂದೇ ಅರ್ಥ. ಹಳೇ ಶೆಡ್‌ಗಳ ಶೀಟ್ ಮೇಲಿನ ನೀರನ್ನು ಎಷ್ಟೋ ಕಡೆ ಸುಮ್ನೆ ಹತ್ತಿರದ ಚೇಂಬರ್‌ಗೆ ಬಿಟ್ಟಿರುತ್ತಾರೆ. ಇದನ್ನು ಮೊದಲು ಹುಡುಕಿ. ಒಳಚರಂಡಿಗೆ ಹೊಗೆ ಬಿಟ್ಟರೆ ಯಾವ ಛಾವಣಿ ಪೈಪ್‌ನಿಂದ ಹೊಗೆ ಬರುತ್ತದೆ ಎಂದು ಕಾಣುತ್ತದೆ. ನಿಮ್ಮ ಶೆಡ್‌ನಿಂದಲೂ ಬರಬಹುದು, ಸಿದ್ಧರಾಗಿರಿ! ಆ ಸಂಪರ್ಕಗಳನ್ನು ತಪ್ಪಿಸಿ ಮಳೆನೀರಿನ ಚರಂಡಿಗೆ ಜೋಡಿಸುವುದಕ್ಕೆ ಹೊಸ ಪೈಪಿನಷ್ಟು ಖರ್ಚಿಲ್ಲ.

ಪೈಪ್ ಹಾಕುವುದೇ ಆದರೆ ಅಳತೆಯಲ್ಲಿ ಜಿಪುಣತನ ಬೇಡ. ಇಳಿಜಾರು ಅಷ್ಟೇ ಇದ್ದರೂ 150 ಮಿ.ಮೀ. ಬದಲು 300 ಮಿ.ಮೀ. ಪೈಪ್ ಹಾಕಿದರೆ ಸುಮಾರು 6 ಪಟ್ಟು ಜಾಸ್ತಿ ಹರಿಯುತ್ತದೆ. ಅಗೆತದ ಖರ್ಚು 6 ಪಟ್ಟು ಏರುವುದಿಲ್ಲ. ಹಾಗಂತ ವಿಪರೀತ ದೊಡ್ಡದೂ ಬೇಡ. ಹರಿವಿನ ವೇಗ ಸೆಕೆಂಡಿಗೆ 0.6 ಮೀಟರ್‌ಗಿಂತ ಕಡಿಮೆಯಾದರೆ ಹೂಳು ತಳದಲ್ಲಿ ಕೂರುತ್ತದೆ.

ರಸ್ತೆ ಅಗೆಯುವುದು ಒಂದೇ ಸಲ ಆಗಲಿ. ಆಳದಲ್ಲಿರುವುದು ಮೊದಲು: ಒಳಚರಂಡಿ, ಆಮೇಲೆ ಮಳೆನೀರಿನ ಚರಂಡಿ, ಕುಡಿಯುವ ನೀರಿನ ಪೈಪ್, ಕರೆಂಟು ಮತ್ತು ಕೇಬಲ್‌ಗಳು ಹಾದುಹೋಗುವ ಕೊಳವೆ (ಡಕ್ಟ್), ಕೊನೆಗೆ ಡಾಂಬರು. ನಾಳೆ ಬರುವ ಕೇಬಲ್‌ಗೆ ಎಂದು ಎರಡು ಡಕ್ಟ್ ಖಾಲಿ ಬಿಡಿಸಿ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಇಂಥ ಡಕ್ಟ್‌ಗಳನ್ನು ಫುಟ್‌ಪಾತ್ ಕೆಳಗೆ ತಂದು, ಅಲ್ಲಲ್ಲಿ ಚೇಂಬರ್ ಕೊಟ್ಟರು. ಅಗಲ ಕಡಿಮೆ ಇರುವ ನಿಮ್ಮ ಬೀದಿಯಲ್ಲಿ ಎಲ್ಲವನ್ನೂ ಹಾಗೆ ಮಾಡಲಾಗದು. ಆದರೂ ಲಾರಿ ತಿರುಗುವ ಜಾಗ ಉಳಿಸಿಕೊಂಡೇ ಡಿಸೈನ್ ಮಾಡಿ ಎಂದು ಬರೆದು ಕೊಡಿ. ಹೊಸದಾಗಿ ಬಂದವರಿಗಾಗಿ ರಸ್ತೆ ಚೆಂದ ಮಾಡುವ ಭರದಲ್ಲಿ, ಕಬ್ಬಿಣದ ರಾಡ್ ಇಳಿಸುವ ಲಾರಿಗೆ ದಾರಿ ಇಲ್ಲದ ಹಾಗೆ ಮಾಡಬಾರದು. ಅಲ್ಲಿ ಉಳಿದಿರುವ ವರ್ಕ್‌ಶಾಪ್‌ಗಳೂ ಆ ಪ್ರದೇಶದ ಜೀವವೇ, ಅಲ್ವಾ?

ವೋಲ್ಟೇಜ್ ಬಗ್ಗೆ ಸಂಕ್ಷೇಪವಾಗಿ: 400 ಮನೆಗೆ ತಲಾ 5 ಕಿಲೋವ್ಯಾಟ್ ಅಂದರೆ 2,000 ಕಿಲೋವ್ಯಾಟ್ ಮಂಜೂರಾತಿ. ಎಲ್ಲರೂ ಒಂದೇ ಹೊತ್ತಿಗೆ ಪೂರ್ತಿ ಬಳಸುವುದಿಲ್ಲ. ಮನೆಗಳ ಬೇಡಿಕೆ ಸಂಜೆ ಜಾಸ್ತಿ, ನಿಮ್ಮದು ಹಗಲು ಜಾಸ್ತಿ. ಇದು ಒಳ್ಳೆಯದೇ, ಒಂದೇ ಸಬ್‌ಸ್ಟೇಷನ್ ಇಬ್ಬರಿಗೂ ಒದಗುತ್ತದೆ. ಆದರೆ ಅಪಾರ್ಟ್‌ಮೆಂಟ್‌ಗೆ ಬೇರೆ 11 ಕೆ.ವಿ. ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನು) ಬೇಕು ಎಂದು ಬೆಸ್ಕಾಂಗೆ ಈಗಲೇ ಅರ್ಜಿ ಕೊಡಿ. ಹೊಸ 66 ಕೆ.ವಿ. ಸಬ್‌ಸ್ಟೇಷನ್ ಬೇಕಾದರೆ ಜಾಗ ಈಗಲೇ ಎತ್ತಿಡಬೇಕು. ಎಲ್ಲ ಜಾಗ ಮಾರಾಟವಾದ ಮೇಲೆ ಅದಕ್ಕೆ ಅಂಗುಲ ನೆಲವೂ ಸಿಗುವುದಿಲ್ಲ.

ಪ್ರಶ್ನೆ: ಹಳೇ ಪ್ಲೇಟಿಂಗ್ ಕಾರ್ಖಾನೆ ಇದ್ದ ಜಾಗದಲ್ಲಿ ಕಟ್ಟುತ್ತಿರುವ ಫ್ಲ್ಯಾಟ್ ಬುಕ್ ಮಾಡಬೇಕೆಂದಿದ್ದೇವೆ. ಬೋರ್‌ವೆಲ್ ಇದೆ, ಕಾವೇರಿ ನೀರೂ ಬರುತ್ತದೆ ಅನ್ನುತ್ತಾರೆ. ಏನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಮಣ್ಣು ಮತ್ತು ಬೋರ್‌ವೆಲ್ ನೀರಿನ ಪರೀಕ್ಷೆ ವರದಿ ಕೇಳಿ. ಪ್ಲೇಟಿಂಗ್ ಅಂದರೆ ಲೋಹದ ಮೇಲೆ ಕ್ರೋಮಿಯಂ, ನಿಕ್ಕಲ್, ಸತುವಿನ ಲೇಪ ಹಾಕುವುದು. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿದ್ದು ಬಹಳ ಹಿಂದೆಯೇ ದಾಖಲಾಗಿದೆ. ಅದು ಕ್ಯಾನ್ಸರ್ ತರುವ ವಿಷ. ಕುದಿಸಿದರೆ ಹೋಗುವುದಿಲ್ಲ. ಮಾಮೂಲಿ ಕುಡಿಯುವ ನೀರಿನ ಪರೀಕ್ಷೆ ಸಾಲದು. ಈ ಲೋಹಗಳ ಹೆಸರು ವರದಿಯಲ್ಲಿ ಇರಲೇಬೇಕು.

ಇನ್ನೊಂದು ವಿಷಯ ಎಂಜಿನಿಯರ್‌ಗಳೂ ಮರೆಯುತ್ತಾರೆ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ಆದರೆ ವಿಷ ಸೇರಿದ ಮಣ್ಣಿನಲ್ಲಿ ಇಂಗುಗುಂಡಿ ತೋಡಿದರೆ ಮಳೆನೀರು ಆ ವಿಷವನ್ನು ಇನ್ನೂ ಕೆಳಕ್ಕೆ ಒಯ್ಯುತ್ತದೆ. ಅಂಥ ಜಾಗದಲ್ಲಿ ಛಾವಣಿ ನೀರನ್ನು ಸಂಪಿನಲ್ಲಿ ಶೇಖರಿಸಿ ಬಳಸಬೇಕು. ಮಣ್ಣು ಶುದ್ಧವಾಗುವವರೆಗೆ ಇಂಗಿಸುವುದು ಬೇಡ. ಕೆಟ್ಟ ಮಣ್ಣನ್ನು ಅಗೆದಿದ್ದರೆ ಎಲ್ಲಿಗೆ ಸಾಗಿಸಿದರು ಎಂದೂ ಕೇಳಿ. ಖಾಲಿ ಸೈಟ್‌ಗೆ ಸುರಿದಿದ್ದರೆ ಅದು ಇನ್ನೊಬ್ಬರ ಬೋರ್‌ವೆಲ್ ಕೆಡಿಸುತ್ತದೆ.

ಕಾವೇರಿ ಬಗ್ಗೆ: ಆ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿ ಕಡೆಯಿಂದ ಪಂಪ್ ಆಗಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರ್‌ನದ್ದು. ಆದರೆ ಅದನ್ನು ಮಾಡಿದ್ದು ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಹಳೇ ಬಡಾವಣೆಯ ಹಳೇ ಪೈಪಿನಲ್ಲಿ ಒತ್ತಡ ತಾನಾಗಿ ಏರುವುದಿಲ್ಲ. ಜಲಮಂಡಳಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬಂದಂತಲ್ಲ. ಅದರ ಷರತ್ತುಗಳನ್ನು ಓದಿ. ಒಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ಸಿಗುವವರೆಗೆ ಮನೆಗೆ ಹೋಗಬೇಡಿ. ಒಸಿ ಅಥವಾ ಪೂರ್ಣತಾ ಪತ್ರ ನೋಡಿಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ನಾನು ಪಾಲಿಕೆಯಲ್ಲಿ ಹೊಸದಾಗಿ ಸೇರಿದ ಸಹಾಯಕ ಎಂಜಿನಿಯರ್. ಇಂಥ ಪ್ರದೇಶದ ಪೈಪು, ರಸ್ತೆಗೆ ದುಡ್ಡು ಎಲ್ಲಿಂದ ತರುವುದು? ಬಿಲ್ಡರ್‌ಗಳು 'ನಾವು ಆಗಲೇ ಕಟ್ಟಿದ್ದೇವೆ' ಅನ್ನುತ್ತಾರೆ.

ಉತ್ತರ: ಅವರು ಹೇಳುವುದು ನಿಜ. ಜಲಮಂಡಳಿಗೆ ಕಟ್ಟಡದ ಅಳತೆಗೆ ತಕ್ಕಂತೆ ಪ್ರೊ-ರೇಟಾ ಶುಲ್ಕ ಕಟ್ಟುತ್ತಾರೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18-ಎ ಕಲಮಿನಡಿ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಮೆಟ್ರೋಗಳಿಗೆಂದು ಸೆಸ್ ಮತ್ತು ಸರ್‌ಚಾರ್ಜ್ ಕೂಡ ಕಟ್ಟುತ್ತಾರೆ. ಆ ಹಣ ಊರಿನ ದೊಡ್ಡ ಗಂಟಿಗೆ ಸೇರುತ್ತದೆ. ಕಟ್ಟಿದ ಬೀದಿಗೆ ವಾಪಸ್ ಬರಬೇಕೆಂಬ ಬಂಧನ ಇಲ್ಲ.

ಇನ್ನೊಂದು ಕೊರತೆ ಎಫ್‌ಎಆರ್‌ನಲ್ಲಿದೆ, ಅಂದರೆ ಜಾಗದ ಎಷ್ಟು ಪಟ್ಟು ವಿಸ್ತೀರ್ಣ ಕಟ್ಟಬಹುದು ಅನ್ನುವ ಅನುಪಾತದಲ್ಲಿ. ನಮ್ಮ 2015ರ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್‌ನಲ್ಲಿ ಒಟ್ಟು ಎಷ್ಟು ವಿಸ್ತೀರ್ಣ ಕಟ್ಟಬಹುದು ಅನ್ನುವುದಕ್ಕೆ ಜಾಗದ ಅಳತೆ ಮತ್ತು ರಸ್ತೆಯ ಅಗಲ ನೋಡುತ್ತಾರೆ. ಆ ರಸ್ತೆಯ ಕೆಳಗಿನ ಪೈಪ್ ಎಷ್ಟು ಅಗಲ ಅನ್ನುವುದು ಆ ಕೋಷ್ಟಕದಲ್ಲಿ ಇಲ್ಲ. ಇದು ಬದಲಾಗಬೇಕು.

ಲಂಡನ್ನಿನ ನೈನ್ ಎಲ್ಮ್ಸ್ ಪ್ರದೇಶ ನೋಡಿ. ಬ್ಯಾಟರ್‌ಸೀ ವಿದ್ಯುತ್ ಸ್ಥಾವರ, ಗೋದಾಮು, ಮಂಡಿಗಳಿದ್ದ ಜಾಗ. ಅಲ್ಲಿಗೆ ನಾರ್ದರ್ನ್ ಲೈನ್ ರೈಲು ವಿಸ್ತರಿಸಲು ಲಂಡನ್ ಆಡಳಿತ 100 ಕೋಟಿ ಪೌಂಡ್‌ವರೆಗೆ ಸಾಲ ಎತ್ತಿತು. ಆ ಪ್ರದೇಶದ ಬಿಲ್ಡರ್‌ಗಳ ವಂತಿಗೆ ಮತ್ತು ಅಲ್ಲಿಯೇ ಹೆಚ್ಚುವ ವ್ಯಾಪಾರ ತೆರಿಗೆಯಿಂದ ತೀರಿಸುವುದು ಎಂದು ಮೊದಲೇ ಕಟ್ಟುಮಾಡಿತು. ರೈಲು 2021ರ ಸೆಪ್ಟೆಂಬರ್‌ನಲ್ಲಿ ಓಡಿತು. ಅಷ್ಟು ದೊಡ್ಡ ಸಾಲ ನಮಗೆ ಬೇಡ. ಆದರೆ ಆ ಪ್ರದೇಶದ ದುಡ್ಡು ಆ ಪ್ರದೇಶಕ್ಕೇ ಎಂಬ ಕಟ್ಟುಪಾಡು ನಮಗೂ ಬೇಕು.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿವೆ. ಆದರೂ ಪೈಪು ಜಲಮಂಡಳಿಯದು, ಕರೆಂಟು ಬೆಸ್ಕಾಂದು, ರಸ್ತೆ ನಿಮ್ಮದು. ನೀವು ಕಿರಿಯ ಅಧಿಕಾರಿ, ಕಾಯ್ದೆ ತಿದ್ದಲು ಆಗದು. ನಕ್ಷೆ ಮಾಡಲು ಆಗುತ್ತದೆ. ನಿಮ್ಮ ವಾರ್ಡಿನ ಕೈಗಾರಿಕಾ ಜಾಗಗಳನ್ನೆಲ್ಲ ಒಂದೇ ಹಾಳೆಯಲ್ಲಿ ಗುರುತಿಸಿ. ಪ್ಲ್ಯಾನ್ ಮಂಜೂರಾದವು, ಅರ್ಜಿ ಹಾಕಿದವು, ಮಾರಾಟಕ್ಕಿರುವವು, ಉಳಿಯುವವು ಎಂದು ಬಣ್ಣ ಹಾಕಿ. ಒಂದೊಂದಕ್ಕೂ ನೀರು, ಕೊಳಚೆ, ಕರೆಂಟಿನ ಅಂದಾಜು ಬರೆದು ಕೂಡಿಸಿ. ಅದನ್ನು ಹಿಡಿದು ಜಲಮಂಡಳಿ ಮತ್ತು ಬೆಸ್ಕಾಂನ ನಿಮ್ಮ ದರ್ಜೆಯ ಎಂಜಿನಿಯರ್‌ಗಳನ್ನು ಕರೆದು ಕೂರಿಸಿ. ಮಂಜೂರಾತಿ ಪತ್ರದಲ್ಲಿ 'ಕೆಳಗಿನ ಮುಖ್ಯ ಕೊಳವೆ ಸಿದ್ಧವಾದ ಮೇಲೆಯೇ ಒಸಿ' ಎಂಬ ಷರತ್ತು ಸೇರಿಸಲು ಮೇಲಿನವರಿಗೆ ಟಿಪ್ಪಣಿ ಹಾಕಿ, ಆ ನಕ್ಷೆಯನ್ನು ಅದಕ್ಕೆ ಲಗತ್ತಿಸಿ.